ಪಕ್ಷಾಧ್ಯಕ್ಷರ ಚುನಾವಣೆಯಲ್ಲಿ ಬೆಂಬಲ ಘೋಷಣೆ

ರಾಜಕೀಯ ಪಕ್ಷವೊಂದರ ಅಧ್ಯಕ್ಷಗಿರಿಗೆ ಸ್ಪರ್ಧೆ ಏರ್ಪಟ್ಟಾಗ, ಕಣದಲ್ಲಿರುವವರಲ್ಲಿ ಇಂಥವರೇ ಆಗಬೇಕೆಂದು ಪಕ್ಷದವರು ಬಹಿರಂಗವಾಗಿ ಹೇಳುವುದಕ್ಕೆ ಬೆಂಬಲ ಘೋಷಣೆ ಎನ್ನುತ್ತಾರೆ. ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕುವುದು, ಪತ್ರಿಕಾಗೋಷ್ಠಿಯಲ್ಲಿ ಅಭ್ಯರ್ಥಿಯ ಪಕ್ಕ ಕೂರುವುದು, ಹೇಳಿಕೆ ಕೊಡುವುದು, ಊರೂರು ತಿರುಗಿ ಮತ ಕೇಳುವುದು, ಎಲ್ಲವೂ ಅದರೊಳಗೇ ಬರುತ್ತವೆ. ಬೀದರ್ ಕಡೆಯ ಮಾತಿನಲ್ಲಿ ‘ಯಾರ ಕಡಿ ಇದ್ದೀರಿ?’ ಎಂದು ಕೇಳಿದರೆ ಸಾಕು, ವಿಷಯವೆಲ್ಲ ಬಂದಹಾಗೆ. ಭಾರತದ ಬಹುಪಾಲು ಪಕ್ಷಗಳಲ್ಲಿ ಅಧ್ಯಕ್ಷರು ಒಮ್ಮತದಿಂದಲೋ ವರಿಷ್ಠರ ತೀರ್ಮಾನದಿಂದಲೋ ಬರುತ್ತಾರೆ. ಹೀಗಾಗಿ ಆ ಪ್ರಶ್ನೆ ಕೇಳುವ ಸಂದರ್ಭವೇ ಅಪರೂಪ. 2022ರ ಅಕ್ಟೋಬರ್‌ನಲ್ಲಿ ನಡೆದ ಕಾಂಗ್ರೆಸ್ ಅಧ್ಯಕ್ಷ ಚುನಾವಣೆ ಅಂಥ ಅಪರೂಪದ ಸಂದರ್ಭ. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ ಆ ಚುನಾವಣೆಯಲ್ಲಿ ತಿರುವನಂತಪುರದ ಸಂಸದ ಶಶಿ ತರೂರ್ ಅವರನ್ನು ಸೋಲಿಸಿದರು. ಯಾರು ಯಾರನ್ನು ಬೆಂಬಲಿಸಬಹುದು, ಯಾವ ಹುದ್ದೆಯಲ್ಲಿದ್ದುಕೊಂಡು ಬೆಂಬಲಿಸಬಾರದು ಎಂಬುದನ್ನು ಪಕ್ಷ ಬರೆದು ಹೊರಡಿಸಿದ್ದರಿಂದ ಈ ವಿಷಯದ ಅಧ್ಯಯನಕ್ಕೆ ಅದು ಒಳ್ಳೆಯ ಉದಾಹರಣೆ.

ವರವಟ್ಟಿಯಿಂದ ಕಲಬುರಗಿಗೆ

ಖರ್ಗೆ ಹುಟ್ಟಿದ್ದು 1942ರ ಜುಲೈ 21ರಂದು. ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ರಜಾಕಾರರ ದಾಳಿಯಲ್ಲಿ ಅವರ ಮನೆಗೆ ಬೆಂಕಿ ಬಿತ್ತು. ಒಳಗಿದ್ದ ತಾಯಿ ಮತ್ತು ಸಹೋದರಿ ಸುಟ್ಟು ಸತ್ತರು. ತಂದೆ ಆಗ ಹೊಲದಲ್ಲಿದ್ದರು, ಮಗು ಹೊರಗೆ ಆಡುತ್ತಿತ್ತು, ಆದ್ದರಿಂದ ಇಬ್ಬರು ಉಳಿದರು ಎಂದು ಮಗ ಪ್ರಿಯಾಂಕ್ ಖರ್ಗೆ ಹೇಳಿದ್ದಾರೆ. ಉಳಿದ ತಂದೆ ಮಗ ಊರು ಬಿಟ್ಟು ಕಲಬುರಗಿ ಸೇರಿದರು. ಶಾಲೆ, ಕಾನೂನು ಪದವಿ, ಎಂಎಸ್‌ಕೆ ಗಿರಣಿ ಕಾರ್ಮಿಕರ ಸಂಘದ ಕೆಲಸ ಎಲ್ಲವೂ ಅಲ್ಲೇ ಆಯಿತು. 1969ರಲ್ಲಿ ಕಾಂಗ್ರೆಸ್ ಸೇರಿ ಅಲ್ಲಿನ ನಗರ ಸಮಿತಿಯ ಅಧ್ಯಕ್ಷರಾದರು. 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದವರು ಒಂಬತ್ತು ಸಲ ಸತತವಾಗಿ ವಿಧಾನಸಭೆಗೆ ಗೆದ್ದರು; ಅದರಲ್ಲಿ ಕೊನೆಯದು, 2008ರದು, ಚಿತ್ತಾಪುರದಿಂದ. ಆಮೇಲೆ ಎರಡು ಸಲ ಕಲಬುರಗಿಯ ಸಂಸದ, ಕೇಂದ್ರದಲ್ಲಿ ಕಾರ್ಮಿಕ ಮತ್ತು ರೈಲ್ವೆ ಸಚಿವ. 2019ರಲ್ಲಿ ಲೋಕಸಭೆಗೆ ಸೋತರು. ಮರುವರ್ಷ ರಾಜ್ಯಸಭೆ ಪ್ರವೇಶಿಸಿ, 2021ರಲ್ಲಿ ಅಲ್ಲಿನ ವಿರೋಧ ಪಕ್ಷದ ನಾಯಕರಾದರು.

ಅವರ ರಾಜಕಾರಣ ಕಟ್ಟಿಕೊಂಡದ್ದೆಲ್ಲ ಕಲಬುರಗಿ ಸೀಮೆಯಲ್ಲಿ. ಬೀದರ್‌ಗೆ ಉಳಿದದ್ದು ಹುಟ್ಟೂರು ಎಂಬ ನಂಟು. ಬದುಕಲಾರದೆ ಬಿಟ್ಟುಹೋದ ಊರಿನ ನಂಟು ಅದಾದ್ದರಿಂದ, ವರವಟ್ಟಿಯ ಹೆಸರು ಹೇಳುವಾಗ ಹೆಮ್ಮೆಯ ಜೊತೆಗೆ ಆ ಸಾವುಗಳನ್ನೂ ಹೇಳಬೇಕಾಗುತ್ತದೆ.

ಸೂಚಕರ ಸಹಿ

ಕಾಂಗ್ರೆಸ್ ಸಂವಿಧಾನದ ಪ್ರಕಾರ ಅಧ್ಯಕ್ಷ ಸ್ಥಾನಕ್ಕೆ ಹೆಸರು ಸೂಚಿಸಲು ಪ್ರದೇಶ ಕಾಂಗ್ರೆಸ್‌ನ ಹತ್ತು ಪ್ರತಿನಿಧಿಗಳ ಸಹಿ ಬೇಕು. ಈ ಪ್ರತಿನಿಧಿಗಳನ್ನು ಕಾರ್ಯಕರ್ತರು ‘ಡೆಲಿಗೇಟ್’ ಎಂದೇ ಕರೆಯುತ್ತಾರೆ. ಅವರು ಬ್ಲಾಕ್ ಮಟ್ಟದಿಂದ ಬರುವವರು. ಮತ ಹಾಕುವವರೂ ಅವರೇ. 2022ರಲ್ಲಿ ದೇಶದಾದ್ಯಂತ ಸುಮಾರು 9,900 ಮಂದಿ ಇದ್ದರು. ಪಕ್ಷದ ಸಾಮಾನ್ಯ ಸದಸ್ಯರಿಗೆ ಮತವಿಲ್ಲ.

ಸೆಪ್ಟೆಂಬರ್ 24ರಿಂದ 30ರವರೆಗೆ ನಾಮಪತ್ರ ಸಲ್ಲಿಕೆಗೆ ಅವಕಾಶವಿತ್ತು. ಮೊದಲು ಕೇಳಿಬಂದ ಹೆಸರು ರಾಜಸ್ಥಾನದ ಆಗಿನ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಅವರದು. ಅವರ ಬೆಂಬಲಿಗ ಶಾಸಕರು ಜೈಪುರದಲ್ಲಿ ಬಂಡೆದ್ದ ಮೇಲೆ ಅದು ಬಿದ್ದುಹೋಯಿತು. ಮಧ್ಯಪ್ರದೇಶದ ದಿಗ್ವಿಜಯ ಸಿಂಗ್ 29ರಂದು ಅರ್ಜಿ ನಮೂನೆ ಪಡೆದರು. ಖರ್ಗೆ ನಿಲ್ಲುತ್ತಾರೆಂದು ತಿಳಿದು ಮರುದಿನ ಹಿಂದೆ ಸರಿದು, ಅವರ ಸೂಚಕರಲ್ಲಿ ಒಬ್ಬರಾದರು. ಖರ್ಗೆ ಪರ ಸಲ್ಲಿಕೆಯಾದದ್ದು 14 ಸೆಟ್ ನಾಮಪತ್ರ. ಹತ್ತು ಸಹಿ ಸಾಕಿದ್ದ ಕಡೆ 14 ಸೆಟ್ ಕೊಟ್ಟದ್ದು ನಿಯಮಕ್ಕಾಗಿ ಆಗಿರಲಿಲ್ಲ, ಸಹಿಗಳೇ ಪ್ರಚಾರವಾಗಿದ್ದವು. ಎ.ಕೆ. ಆಂಟನಿ, ಅಂಬಿಕಾ ಸೋನಿ, ಗೆಹ್ಲೋಟ್, ದಿಗ್ವಿಜಯ ಸಿಂಗ್ ಅಂಥ ಹಿರಿಯರು ಆ ಪಟ್ಟಿಯಲ್ಲಿದ್ದರು. ಅದಕ್ಕಿಂತ ಅರ್ಥಪೂರ್ಣವಾದದ್ದು ಆನಂದ ಶರ್ಮಾ, ಭೂಪಿಂದರ್ ಸಿಂಗ್ ಹೂಡಾ, ಮನೀಶ್ ತಿವಾರಿ, ಪೃಥ್ವಿರಾಜ್ ಚವಾಣ್ ಅವರ ಸಹಿ. ಪೂರ್ಣಾವಧಿ ನಾಯಕತ್ವ ಬೇಕು, ಸಂಘಟನಾ ಚುನಾವಣೆ ನಡೆಯಬೇಕು ಎಂದು 2020ರ ಆಗಸ್ಟ್‌ನಲ್ಲಿ ಸೋನಿಯಾ ಗಾಂಧಿಯವರಿಗೆ ಪತ್ರ ಬರೆದ 23 ಮಂದಿಯಲ್ಲಿ ಇವರೂ ಇದ್ದರು, ತರೂರ್ ಕೂಡ ಇದ್ದರು. ಬೇಡಿದ್ದ ಚುನಾವಣೆ ಬಂದಾಗ ಇವರು ತಮ್ಮ ಜೊತೆಗಾರನನ್ನು ಬಿಟ್ಟು ಖರ್ಗೆ ಕಡೆ ನಿಂತರು. ಸ್ಪರ್ಧೆ ಎತ್ತ ವಾಲಿದೆ ಎಂಬುದು ಅಂದೇ ಗೊತ್ತಾಯಿತು.

ತರೂರ್ ಐದು ಸೆಟ್ ಸಲ್ಲಿಸಿದರು. ಕಾರ್ತಿ ಚಿದಂಬರಂ, ಸಂದೀಪ್ ದೀಕ್ಷಿತ್, ಸೈಫುದ್ದೀನ್ ಸೋಜ್, ಕೇರಳದ ಎಂ.ಕೆ. ರಾಘವನ್, ಅಸ್ಸಾಮಿನ ಪ್ರದ್ಯುತ್ ಬೊರ್ಡೊಲಾಯ್ ಸಹಿ ಹಾಕಿದವರಲ್ಲಿ ಸೇರಿದ್ದರು. ಗೆಲ್ಲುವ ಕುದುರೆಗೆ ಸಹಿ ಹಾಕುವುದು ಸುಲಭ; ಸೋಲು ಮುಂಚೆಯೇ ಕಾಣುತ್ತಿದ್ದಾಗ ಹೆಸರು ಕೊಟ್ಟ ಇವರ ಸಹಿಗೆ ಬೇರೆಯದೇ ತೂಕವಿದೆ. ಮೂರನೆಯವರಾಗಿ ಜಾರ್ಖಂಡ್‌ನ ಕೆ.ಎನ್. ತ್ರಿಪಾಠಿ ಒಂದೇ ನಾಮಪತ್ರ ಕೊಟ್ಟಿದ್ದರು. ಸೂಚಕರ ಸಹಿಯಲ್ಲಿನ ದೋಷದಿಂದ ಅದು ತಿರಸ್ಕೃತವಾಯಿತು. ಒಂದು ಸಹಿ ಹೊಂದದೆ ಹೋದರೆ ಸ್ಪರ್ಧೆಯೇ ಮುಗಿಯಿತು.

ಹುದ್ದೆ ಬಿಟ್ಟು ಬೆಂಬಲಿಸಿ

ಪಕ್ಷದ ಕೇಂದ್ರ ಚುನಾವಣಾ ಪ್ರಾಧಿಕಾರದ ಅಧ್ಯಕ್ಷರಾಗಿದ್ದವರು ಮಧುಸೂದನ ಮಿಸ್ತ್ರಿ. ಅಕ್ಟೋಬರ್ ಮೊದಲ ವಾರ ಅವರು ಹೊರಡಿಸಿದ ಮಾರ್ಗಸೂಚಿ ಈ ಚುನಾವಣೆಯ ಅತಿ ಮುಖ್ಯ ದಾಖಲೆ. ಎಐಸಿಸಿ ಪ್ರಧಾನ ಕಾರ್ಯದರ್ಶಿಗಳು, ಕಾರ್ಯದರ್ಶಿಗಳು, ರಾಜ್ಯ ಉಸ್ತುವಾರಿಗಳು, ಪ್ರದೇಶ ಸಮಿತಿ ಅಧ್ಯಕ್ಷರು, ಶಾಸಕಾಂಗ ಪಕ್ಷದ ನಾಯಕರು, ಮುಂಚೂಣಿ ಘಟಕಗಳ ಮುಖ್ಯಸ್ಥರು, ಅಧಿಕೃತ ವಕ್ತಾರರು ಯಾರ ಪರವಾಗಲೀ ವಿರುದ್ಧವಾಗಲೀ ಪ್ರಚಾರ ಮಾಡಬಾರದು. ಮಾಡಲೇಬೇಕೆಂದರೆ ಮೊದಲು ಸಂಘಟನೆಯ ಹುದ್ದೆಗೆ ರಾಜೀನಾಮೆ ಕೊಡಬೇಕು ಎಂದು ಅದು ಹೇಳಿತು. ಅಭ್ಯರ್ಥಿ ರಾಜ್ಯಕ್ಕೆ ಬಂದರೆ ಪ್ರದೇಶ ಅಧ್ಯಕ್ಷರು ಸಭಾಂಗಣ, ಕುರ್ಚಿ, ಧ್ವನಿವರ್ಧಕ ಒದಗಿಸಬಹುದು, ತಾವೇ ಸಭೆ ಕರೆಯುವಂತಿಲ್ಲ. ಮತದಾರರನ್ನು ವಾಹನದಲ್ಲಿ ಕರೆತರುವಂತಿಲ್ಲ. ಕುರ್ಚಿ ಮೈಕಿನವರೆಗೆ ಇಳಿದು ಬರೆದ ಈ ನಿಯಮ, ಪಕ್ಷದ ಯಂತ್ರ ಒಬ್ಬರ ಕೈಯಲ್ಲಿ ಸಿಕ್ಕಿಬಿಡಬಾರದು ಎಂಬ ಕಾಳಜಿಯಿಂದ ಹುಟ್ಟಿದ್ದು.

ಇದರ ಪ್ರಕಾರ ಕರ್ನಾಟಕದಲ್ಲಿ ಆಗ ಕೆಪಿಸಿಸಿ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್, ಶಾಸಕಾಂಗ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಇಬ್ಬರೂ, ತಮ್ಮದೇ ರಾಜ್ಯದ ಅಭ್ಯರ್ಥಿ ಕಣದಲ್ಲಿದ್ದರೂ, ಪ್ರಚಾರದಿಂದ ಹೊರಗಿರಬೇಕಿತ್ತು. ನಿಯಮದ ಆಶಯವನ್ನು ಅಕ್ಷರಶಃ ಪಾಲಿಸಿದವರು ಮೂವರು ವಕ್ತಾರರು. ದೀಪೇಂದರ್ ಹೂಡಾ, ಬಳ್ಳಾರಿಯ ಸೈಯದ್ ನಾಸಿರ್ ಹುಸೇನ್ ಮತ್ತು ಗೌರವ್ ವಲ್ಲಭ್ ಅಕ್ಟೋಬರ್ 2ರಂದು ವಕ್ತಾರ ಹುದ್ದೆ ಬಿಟ್ಟು ಖರ್ಗೆ ಪ್ರಚಾರಕ್ಕೆ ನಿಂತರು. ಖರ್ಗೆ ಸ್ವತಃ ‘ಒಬ್ಬರಿಗೆ ಒಂದೇ ಹುದ್ದೆ’ ಎಂಬ ಉದಯಪುರ ಶಿಬಿರದ ತೀರ್ಮಾನದಂತೆ 1ರಂದು ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಸ್ಥಾನಕ್ಕೆ ರಾಜೀನಾಮೆ ಪತ್ರ ಕಳುಹಿಸಿದರು, ಆದರೆ ಅಧ್ಯಕ್ಷರಾದ ಮೇಲೂ ಆ ಸ್ಥಾನದಲ್ಲಿ ಮುಂದುವರಿದರು.

ಎಲ್ಲರೂ ನಿಯಮಕ್ಕೆ ಬದ್ಧರಾಗಿರಲಿಲ್ಲ. ಮುಖ್ಯಮಂತ್ರಿಯಾಗಿದ್ದ ಗೆಹ್ಲೋಟ್ ಮತದಾನಕ್ಕೆ ಕೆಲವೇ ದಿನ ಮುಂಚೆ ಖರ್ಗೆಗೆ ಮತ ಕೊಡಿ ಎಂಬ ವಿಡಿಯೊ ಹೊರಬಿಟ್ಟರು. ಮಾರ್ಗಸೂಚಿಯ ಉಲ್ಲಂಘನೆ ಎಂಬ ದೂರು ಎದ್ದಿತು. ಹಲವು ರಾಜ್ಯ ಕಚೇರಿಗಳಲ್ಲಿ ಖರ್ಗೆ ಬಂದಾಗ ಮುಖಂಡರೆಲ್ಲ ಸಾಲಾಗಿ ನಿಲ್ಲುತ್ತಾರೆ, ತಾನು ಹೋದಾಗ ಸಿಗುವುದಿಲ್ಲ, ಪ್ರತಿನಿಧಿಗಳ ಪಟ್ಟಿಯಲ್ಲಿ ದೂರವಾಣಿ ಸಂಖ್ಯೆಗಳೇ ಇಲ್ಲ ಎಂದು ತರೂರ್ ಹೇಳಿಕೊಂಡರು. ಗಾಂಧಿ ಕುಟುಂಬ ತಟಸ್ಥ ಎಂದು ಅಧಿಕೃತವಾಗಿ ಸಾರಲಾಗಿತ್ತು. ಆದರೂ ಖರ್ಗೆ ಹೈಕಮಾಂಡ್ ಒಪ್ಪಿದ ಅಭ್ಯರ್ಥಿ ಎಂಬ ಭಾವನೆ ಕೆಳಗಿನ ತನಕ ಹರಡಿತ್ತು. ಬಾಯಿ ಬಿಡದೆಯೂ ಬೆಂಬಲ ಘೋಷಣೆ ಆಗಿಬಿಡಬಹುದು, ಅದಕ್ಕೆ ಮಾರ್ಗಸೂಚಿ ಬರೆಯುವುದು ಕಷ್ಟ.

1939ರಲ್ಲಿ ಇದೇ ತಕರಾರು

ಈ ತಕರಾರಿಗೆ ಕಾಂಗ್ರೆಸ್‌ನಲ್ಲೇ ಹಳೆಯ ಬೇರಿದೆ. 1939ರ ಜನವರಿಯಲ್ಲಿ ಸುಭಾಷ್‌ಚಂದ್ರ ಬೋಸ್ ಮತ್ತು ಪಟ್ಟಾಭಿ ಸೀತಾರಾಮಯ್ಯ ಎದುರಾಳಿಗಳಾದಾಗ ಸರ್ದಾರ್ ಪಟೇಲ್, ರಾಜೇಂದ್ರ ಪ್ರಸಾದ್ ಮೊದಲಾದ ಕಾರ್ಯಸಮಿತಿ ಸದಸ್ಯರು ಒಟ್ಟಾಗಿ ಹೇಳಿಕೆ ಹೊರಡಿಸಿ ಪಟ್ಟಾಭಿಯವರನ್ನು ಬೆಂಬಲಿಸಿದರು. ಇಬ್ಬರು ಸಹೋದ್ಯೋಗಿಗಳ ನಡುವಿನ ಸ್ಪರ್ಧೆಯಲ್ಲಿ ಉಳಿದವರು ಸಂಘಟಿತರಾಗಿ ಪಕ್ಷ ವಹಿಸುವುದು ನ್ಯಾಯವಲ್ಲ ಎಂಬುದು ಬೋಸರ ಆಕ್ಷೇಪ. 83 ವರ್ಷಗಳ ಬಳಿಕ ಮಿಸ್ತ್ರಿ ಬರೆದ ನಿಯಮದ ತಿರುಳೂ ಇದೇ. ಬೋಸ್ 1,580, ಪಟ್ಟಾಭಿ 1,377 ಮತ ಪಡೆದರು. ಆಗ ಪ್ರಾಂತವಾರು ಮತಗಳು ಬಹಿರಂಗವಾಗುತ್ತಿದ್ದವು; ಕರ್ನಾಟಕ ಪ್ರಾಂತದಲ್ಲಿ ಬೋಸರಿಗೇ ಹೆಚ್ಚು ಬಿದ್ದಿತ್ತು. ಬೀದರ್, ಭಾಲ್ಕಿ, ಔರಾದ್‌ಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು; ನಿಜಾಮ ಸರ್ಕಾರ 1938ರಲ್ಲೇ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಷೇಧಿಸಿತ್ತು.

ಆನಂತರದ ಸ್ಪರ್ಧೆಗಳನ್ನು ಬೆರಳಲ್ಲಿ ಎಣಿಸಬಹುದು. 1950ರಲ್ಲಿ ಪಟೇಲರ ಬೆಂಬಲವಿದ್ದ ಪುರುಷೋತ್ತಮದಾಸ್ ಟಂಡನ್ ಅವರು ಕೃಪಲಾನಿಯವರನ್ನು ಸೋಲಿಸಿದರು. 1997ರಲ್ಲಿ ಸೀತಾರಾಮ್ ಕೇಸರಿ 6,224 ಮತ ಪಡೆದರೆ ಶರದ್ ಪವಾರ್‌ಗೆ 882, ರಾಜೇಶ್ ಪೈಲಟ್‌ಗೆ 354. 2000ದಲ್ಲಿ ಸೋನಿಯಾ ಎದುರು ಜಿತೇಂದ್ರ ಪ್ರಸಾದ್ 94 ಮತಕ್ಕೆ ನಿಂತರು. 2017ರಲ್ಲಿ ರಾಹುಲ್ ಗಾಂಧಿ ಪರ 89 ನಾಮಪತ್ರಗಳು ಬಂದವು, ಎದುರಾಳಿ ಇರಲಿಲ್ಲ.

ಬಿಜೆಪಿಯಲ್ಲಿ ರಾಷ್ಟ್ರೀಯ ಅಧ್ಯಕ್ಷರ ಹೆಸರನ್ನು ಒಂದು ರಾಜ್ಯದ ಮತದಾರ ಮಂಡಲಿಯ 20 ಸದಸ್ಯರು ಸೂಚಿಸಬೇಕು, ಕನಿಷ್ಠ ಐದು ರಾಜ್ಯಗಳಿಂದ ಅಂಥ ಸೂಚನೆ ಬರಬೇಕು. ಮತದಾನದವರೆಗೆ ಹೋಗದೆ ಒಮ್ಮತದಲ್ಲೇ ಮುಗಿಸುವುದು ಅಲ್ಲಿನ ರೂಢಿ. ಬ್ರಿಟನ್ನಿನಲ್ಲಿ ಸಂಸದರ ಬೆಂಬಲವೇ ಸ್ಪರ್ಧೆಯ ಬಾಗಿಲು. ಖರ್ಗೆ ಗೆದ್ದ ಐದು ದಿನಕ್ಕೆ ಅಲ್ಲಿನ ಕನ್ಸರ್ವೇಟಿವ್ ಪಕ್ಷದಲ್ಲಿ 100 ಸಂಸದರ ಸಹಿ ದಾಟಿದ ಏಕೈಕ ಅಭ್ಯರ್ಥಿಯಾಗಿ ರಿಷಿ ಸುನಕ್ ನಾಯಕರಾದರು, ಮತದಾನವೇ ಬೇಕಾಗಲಿಲ್ಲ.

ಗುಟ್ಟಿನ ಮತ

ಅಕ್ಟೋಬರ್ 17ರಂದು ಮತದಾನ ನಡೆಯಿತು. ಕರ್ನಾಟಕದ ಪ್ರತಿನಿಧಿಗಳಿಗೆ ಮತಗಟ್ಟೆ ಬೆಂಗಳೂರಿನ ಕೆಪಿಸಿಸಿ ಕಚೇರಿ. ಖರ್ಗೆ ಕೂಡ ಅಲ್ಲೇ ಮತ ಹಾಕಿದರು. ಭಾರತ್ ಜೋಡೊ ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಮತ್ತು ಜೊತೆಗಿದ್ದ ಪ್ರತಿನಿಧಿಗಳಿಗೆ ಬಳ್ಳಾರಿ ಸಮೀಪದ ಸಂಗನಕಲ್ಲಿನಲ್ಲಿ, ಯಾತ್ರೆಯ ಕಂಟೇನರ್ ಒಂದನ್ನೇ ಮತಗಟ್ಟೆ ಮಾಡಿಕೊಡಲಾಗಿತ್ತು.

ಮತಪತ್ರದಲ್ಲಿ ಖರ್ಗೆಯದು ಕ್ರಮಸಂಖ್ಯೆ 1, ತರೂರ್ ಅವರದು 2. ಬೇಕಾದವರ ಹೆಸರಿನ ಮುಂದೆ ‘1’ ಎಂದು ಬರೆಯಬೇಕೆಂದು ಮೊದಲು ಸೂಚನೆ ಬಂತು. ಒಂದನ್ನು ಕಂಡ ಮತದಾರ ಒಂದನೆಯವರಿಗೇ ಎಂದುಕೊಂಡಾನು ಎಂದು ತರೂರ್ ತಂಡ ಆಕ್ಷೇಪಿಸಿತು. ಅದನ್ನು ಬದಲಿಸಿ ಟಿಕ್ ಗುರುತು ಹಾಕಿಸಲಾಯಿತು. ಇಷ್ಟು ಸಣ್ಣ ವಿಷಯಕ್ಕೂ ಕಿವಿಗೊಟ್ಟದ್ದು ಪ್ರಾಧಿಕಾರಕ್ಕೆ ಶೋಭೆ ತಂದಿತು. ಎಲ್ಲ ರಾಜ್ಯಗಳ ಮತಪತ್ರಗಳನ್ನು ದೆಹಲಿಗೆ ತಂದು, ಬೆರೆಸಿ, ಆಮೇಲೆ ಎಣಿಸಿದರು. ಹೀಗಾಗಿ 1939ರಂತೆ ಯಾವ ರಾಜ್ಯ ಯಾರ ಕಡೆ ಎಂದು ಹೇಳಲು ಬರುವುದಿಲ್ಲ. ನಾಮಪತ್ರದ ಮೇಲೆ ಸಹಿ ಬಯಲಿನಲ್ಲಿ ಬಿದ್ದಿತ್ತು. ಸಹಿ ಹಾಕದ ಸಾವಿರಾರು ಮಂದಿಗೆ ಮಾತ್ರ ಈ ಬೆರೆಸುವಿಕೆ ರಕ್ಷಣೆ ಕೊಟ್ಟಿತು.

19ರಂದು ಎಣಿಕೆಯಾದ 9,385 ಮತಗಳಲ್ಲಿ ಖರ್ಗೆ 7,897, ತರೂರ್ 1,072 ಪಡೆದರು, 416 ಅಸಿಂಧುವಾದವು. ಉತ್ತರ ಪ್ರದೇಶದ ಮತದಾನದ ಬಗ್ಗೆ ತರೂರ್ ತಂಡ ದೂರು ಕೊಟ್ಟಿತ್ತು, ಪ್ರಾಧಿಕಾರ ಒಪ್ಪಲಿಲ್ಲ. ತರೂರ್ ಅಂದೇ ಖರ್ಗೆ ಮನೆಗೆ ಹೋಗಿ ಅಭಿನಂದಿಸಿದರು. 2023ರ ಆಗಸ್ಟ್‌ನಲ್ಲಿ ಖರ್ಗೆ ರಚಿಸಿದ ಕಾರ್ಯಸಮಿತಿಯಲ್ಲಿ ಅವರಿಗೆ ಸ್ಥಾನ ಸಿಕ್ಕಿತು. ಅತ್ತ, ಖರ್ಗೆಗಾಗಿ ಹುದ್ದೆ ಬಿಟ್ಟಿದ್ದ ಗೌರವ್ ವಲ್ಲಭ್ 2024ರಲ್ಲಿ ಪಕ್ಷವನ್ನೇ ಬಿಟ್ಟು ಬಿಜೆಪಿ ಸೇರಿದರು.

2022ರ ಅಕ್ಟೋಬರ್ 26ರಂದು ಖರ್ಗೆ ಅಧಿಕಾರ ವಹಿಸಿಕೊಂಡರು. ಎಸ್. ನಿಜಲಿಂಗಪ್ಪನವರ ಬಳಿಕ ಆ ಸ್ಥಾನಕ್ಕೇರಿದ ಕನ್ನಡಿಗ ಇವರೇ. ದಾಮೋದರಂ ಸಂಜೀವಯ್ಯ, ಜಗಜೀವನ್ ರಾಮ್ ಅವರ ಸಾಲಿನ ದಲಿತ ಅಧ್ಯಕ್ಷರು.

ಬೀದರ್, ಭಾಲ್ಕಿ, ಔರಾದ್

ಖರ್ಗೆ ಆಯ್ಕೆಯಾದಾಗ ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ ಕೆಪಿಸಿಸಿ ಕಾರ್ಯಾಧ್ಯಕ್ಷರಾಗಿದ್ದರು. ಎಐಸಿಸಿ ಅಧ್ಯಕ್ಷರ ಹುಟ್ಟೂರೂ ರಾಜ್ಯ ಘಟಕದ ಕಾರ್ಯಾಧ್ಯಕ್ಷರ ಕ್ಷೇತ್ರವೂ ಒಂದೇ ತಾಲ್ಲೂಕಿನಲ್ಲಿ ಬಂದದ್ದು ಬೆಂಗಳೂರಿನಿಂದ ಸುಮಾರು 700 ಕಿ.ಮೀ. ದೂರದ, ಮೂರು ರಾಜ್ಯಗಳು ಕೂಡುವ ಗಡಿ ಜಿಲ್ಲೆಗೆ ಸಣ್ಣ ಮಾತಾಗಿರಲಿಲ್ಲ.

ಬೆಂಬಲ ಕೊಡದಿರುವುದೂ ಎಷ್ಟು ದೊಡ್ಡ ಮಾತಾಗಬಲ್ಲದು ಎಂಬುದಕ್ಕೆ ಉದಾಹರಣೆ ಔರಾದ್. ಅಲ್ಲಿ 2008ರಿಂದ ಬಿಜೆಪಿ ಶಾಸಕರಾಗಿರುವ ಪ್ರಭು ಚವ್ಹಾಣ್, 2024ರ ಲೋಕಸಭೆ ಚುನಾವಣೆಗೆ ತಮ್ಮದೇ ಪಕ್ಷದ ಸಂಸದ, ಆಗ ಕೇಂದ್ರ ಸಚಿವರಾಗಿದ್ದ ಭಗವಂತ ಖೂಬಾ ಅವರಿಗೆ ಟಿಕೆಟ್ ಕೊಡಬೇಡಿ ಎಂದು ವೇದಿಕೆಯ ಮೇಲೆಯೇ ರಾಜ್ಯಾಧ್ಯಕ್ಷ ಬಿ.ವೈ. ವಿಜಯೇಂದ್ರ ಅವರ ಕಾಲಿಗೆ ಬಿದ್ದು ಬೇಡಿಕೊಂಡರು. ಟಿಕೆಟ್ ಖೂಬಾ ಅವರಿಗೇ ಸಿಕ್ಕಿತು, ಈಶ್ವರ ಖಂಡ್ರೆಯವರ ಮಗ ಸಾಗರ್ ಖಂಡ್ರೆ ಎದುರು ಅವರು ಸೋತರು. ಇದು ನಾಯಕತ್ವದ ಸ್ಪರ್ಧೆಗೆ ಸೇರುವುದಿಲ್ಲ. ಆದರೂ ಕೇಳಿಸಿಕೊಳ್ಳಲು ನಿಯಮಬದ್ಧ ವೇದಿಕೆ ಇಲ್ಲದ ಕಡೆ ಬೆಂಬಲ ಮತ್ತು ವಿರೋಧ ಯಾವ ರೂಪ ತಾಳುತ್ತವೆ ಎಂಬುದು ಇಲ್ಲಿ ಕಾಣುತ್ತದೆ.

ಖರ್ಗೆ ಅಧ್ಯಕ್ಷರಾದ ಏಳು ತಿಂಗಳೊಳಗೆ, 2023ರ ಮೇನಲ್ಲಿ, ಕಾಂಗ್ರೆಸ್ 135 ಸ್ಥಾನ ಗೆದ್ದು ಕರ್ನಾಟಕದ ಅಧಿಕಾರ ಹಿಡಿಯಿತು. ಬೀದರ್ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಪಕ್ಷಕ್ಕೆ ಸಿಕ್ಕಿದ್ದು ಎರಡು: ಬೀದರ್‌ನಿಂದ ರಹೀಂ ಖಾನ್, ಭಾಲ್ಕಿಯಿಂದ ಖಂಡ್ರೆ. ಸಿದ್ದರಾಮಯ್ಯ, ಶಿವಕುಮಾರ್ ಇಬ್ಬರೂ ಮುಖ್ಯಮಂತ್ರಿ ಸ್ಥಾನಕ್ಕೆ ನಿಂತಾಗ, ಮೇ 14ರಂದು ಬೆಂಗಳೂರಿನಲ್ಲಿ ಶಾಸಕಾಂಗ ಪಕ್ಷ ಸೇರಿ ತೀರ್ಮಾನವನ್ನು ಎಐಸಿಸಿ ಅಧ್ಯಕ್ಷರಿಗೆ ಬಿಟ್ಟಿತು. ಮೂವರು ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಗುಟ್ಟಾಗಿ ಸಂಗ್ರಹಿಸಿ ದೆಹಲಿಯಲ್ಲಿ ಖರ್ಗೆಯವರಿಗೆ ಒಪ್ಪಿಸಿದರು. ಯಾರಿಗೆ ಎಷ್ಟು ಎಂಬ ಲೆಕ್ಕವನ್ನು ಪಕ್ಷ ಹೊರಗೆ ಬಿಡಲಿಲ್ಲ.