ಕೀಲಿ ಹಾಕಿದ ಮನೆಗೆ ಮರಳುವ ದಾರಿ
(ಪವಿತ್ರ ಕುಟುಂಬದ ಹಬ್ಬದ ಚಿಂತನೆ)



ಕ್ರಿಸ್ತಜಯಂತಿಯ ಸಂಭ್ರಮದ ಬೆನ್ನಲ್ಲೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. ಹೆರೋದನ ಕತ್ತಿಯಿಂದ ಪಾರಾಗಲು ಸಂತ ಜೋಸೆಫರು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಪ್ರಸಂಗ ಜ್ಞಾನೋಪದೇಶದ ಮಕ್ಕಳಿಗೂ ಬಾಯಿಪಾಠ. ಆದರೆ ಮತ್ತಾಯನು ತನ್ನ ಶುಭಸಂದೇಶದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಹೇಳುವ ಮರುಪಯಣವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೆರೋದ ಸತ್ತ ಮೇಲೆ ಜೋಸೆಫರು ಸಂಸಾರ ಸಮೇತ ಸ್ವದೇಶಕ್ಕೆ ಹೊರಟರು. ಬಂದು ಕೇಳಿದರೆ ಜುದೇಯದಲ್ಲಿ ಹೆರೋದನ ಮಗ ಅರ್ಖೆಲಾಯನೇ ಆಳುತ್ತಿದ್ದಾನೆ! ಅಲ್ಲಿಗೆ ಹೋಗಲು ಹೆದರಿ ಅವರು ಗಲಿಲೇಯದ ನಜರೇತಿಗೆ ಹೋಗಿ ನೆಲೆಸಿದರು. ಊರು ಬಿಟ್ಟಾಗಿನ ಕಷ್ಟ ಒಂದಾದರೆ ಊರಿಗೆ ಮರಳಿದಾಗ ಎದುರಾದ ಕಷ್ಟ ಇನ್ನೊಂದು.

ಈ ಭಾಗದ ಅರ್ಥ ನನಗೆ ಮನದಟ್ಟಾದದ್ದು 2020ರ ಮೇ ತಿಂಗಳಲ್ಲಿ.

ಆಗ ನಾನು ಕರಾವಳಿಯ ಒಂದು ಧರ್ಮಕೇಂದ್ರದಲ್ಲಿದ್ದೆ. ಚರ್ಚಿನ ಬೇಲಿಯಾಚೆ ಕಟ್ಟಡ ಕೆಲಸಕ್ಕೆ ಬಂದ ಒಂದು ಸಂಸಾರ ತಗಡಿನ ಶೆಡ್ಡಿನಲ್ಲಿ ವಾಸವಾಗಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು, ಕೆಲಸ ನಿಂತಿತು. ಏಪ್ರಿಲ್ ಮುಗಿಯುವಷ್ಟರಲ್ಲಿ ಕೂಡಿಟ್ಟ ಹಣವೂ ಮುಗಿಯಿತು. ಪಾಸು ಸಿಕ್ಕ ದಿನ ಅವರು ಒಂದು ಚಿಕ್ಕ ಗೂಡ್ಸ್ ಗಾಡಿ ಗೊತ್ತುಮಾಡಿ ಟ್ರಂಕು, ಗ್ಯಾಸ್ ಒಲೆ, ರೊಟ್ಟಿ ಹಂಚು, ಕೌದಿ, ಮಗುವಿನ ಸೈಕಲ್ಲು ಎಲ್ಲವನ್ನೂ ಏರಿಸುತ್ತಿದ್ದರು. "ಇಲ್ಲೇ ಇರಿ ಅಜ್ಜಿ, ಅಕ್ಕಿ ನಾವು ಕೊಡುತ್ತೇವೆ" ಎಂದೆ.

"ಅಕ್ಕಿ ಕೊಡ್ತೀರಿ ಖರೆ ಫಾದರ್. ಆದ್ರ ಊರಾಗ ಮನಿಗೆ ಕೀಲಿ ಹಾಕಿ ಬಂದೀವ್ರೀ. ಬದುಕಿದ್ರೂ ಸತ್ರೂ ಅಲ್ಲೇ ಆಗ್ಲಿ" ಎಂದು ಅವರು ಸೆರಗಿನ ತುದಿಗೆ ಕಟ್ಟಿದ್ದ ಕೀಲಿಕೈ ತೋರಿಸಿದರು.

"ಯಾವ ಊರು?" ಎಂದು ಕೇಳಿದೆ. ಗಜೇಂದ್ರಗಡದ ಹತ್ತಿರದ ಒಂದು ಹಳ್ಳಿ. ಎರಡು ವರ್ಷ ನಮ್ಮ ಬೇಲಿಯ ಪಕ್ಕದಲ್ಲೇ ಇದ್ದವರ ಊರಿನ ಹೆಸರನ್ನು ನಾನು ಕೇಳಿದ್ದು ಅವರು ಹೊರಟ ದಿನ! ಈ ಮಾತನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಗಾಡಿ ಕುಂದಾಪುರ, ಭಟ್ಕಳ, ಅಂಕೋಲಾ ದಾಟಿ, ಯಲ್ಲಾಪುರದ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ನರೇಗಲ್ ಮಾರ್ಗವಾಗಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಗಿತ್ತು.

ಗುಳೆಯ ಸೀಮೆ

ರೋಣ, ನರಗುಂದ, ಗಜೇಂದ್ರಗಡ ಇಂದು ಗದಗ ಜಿಲ್ಲೆಯ ಮೂರು ತಾಲ್ಲೂಕುಗಳು. 1997ರವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಗಜೇಂದ್ರಗಡವಂತೂ ಇತ್ತೀಚಿನವರೆಗೆ ರೋಣ ತಾಲ್ಲೂಕಿನದೇ ಪೇಟೆ. ಇದು ಕಪ್ಪು ಎರೆಮಣ್ಣಿನ ನಾಡು. ಮಳೆ ಹದವಾಗಿ ಬಂದರೆ ಹೆಸರು, ಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ ಮನೆ ತುಂಬುತ್ತವೆ. ಮಳೆ ಕೈಕೊಟ್ಟರೆ ಜನ ಮನೆಗೆ ಕೀಲಿ ಹಾಕಿ ಸಂಸಾರ ಸಮೇತ ದುಡಿಮೆ ಹುಡುಕಿ ಹೊರಡುತ್ತಾರೆ. ಇದಕ್ಕೆ ಅಲ್ಲಿಯ ಹೆಸರು 'ಗುಳೆ'.

ಗುಳೆ ಇಂದು ನಿನ್ನೆಯದಲ್ಲ. 1791–92ರ ಬರದಲ್ಲಿ ಹೂಳುವವರಿಲ್ಲದೆ ನೆಲದ ಮೇಲೆ ತಲೆಬುರುಡೆಗಳು ಬಿದ್ದಿದ್ದವೆಂದು ಜನ ಅದನ್ನು ತಲೆಬುರುಡೆಯ ಬರವೆಂದೇ ನೆನೆದರು. 1876–78ರ ಮಹಾಕ್ಷಾಮವೂ ಈ ಬಯಲುಸೀಮೆಯನ್ನು ಹಿಂಡಿತು. 1880ರ ದಶಕದಲ್ಲಿ ಗದಗದಿಂದ ಹೊಳೆಆಲೂರು ಮಾರ್ಗವಾಗಿ ರೈಲು ಓಡಿತು. ಅದು ಧಾನ್ಯವನ್ನು ತಂದಂತೆ ದುಡಿಯುವ ಜನರನ್ನು ದೂರಕ್ಕೂ ಒಯ್ದಿತು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ಬಂದವು. ಆದರೆ ಎಲ್ಲ ಹೊಲಕ್ಕೂ ನೀರು ತಲುಪಲಿಲ್ಲ. ನೀರು ಕಾಣದ ಹೊಲಗಳಿಗೂ ಅಭಿವೃದ್ಧಿ ಕರ ಬಿದ್ದಾಗ ನರಗುಂದದ ರೈತರು ದಂಗೆ ಎದ್ದರು. 1980ರ ಜುಲೈ 21ರಂದು ಅಲ್ಲಿ ಗೋಲಿಬಾರ್ ನಡೆಯಿತು. ಮುಂದೆ 2009ರಲ್ಲಿ ಮತ್ತು 2019ರಲ್ಲಿ ಅದೇ ಮಲಪ್ರಭೆ ಉಕ್ಕಿ ದಡದ ಹಳ್ಳಿಗಳ ಜನ ಗಂಟುಮೂಟೆ ಹೊತ್ತು ದಿಬ್ಬ ಹತ್ತಿದರು. ಬರ ಬಂದರೂ ಮನೆ ಬಿಡಬೇಕು, ನೆರೆ ಬಂದರೂ ಮನೆ ಬಿಡಬೇಕು.

ಗೋವೆಯ ಬಂದರುಗಳಲ್ಲಿ, ಮಂಗಳೂರು–ಉಡುಪಿಯ ಕಟ್ಟಡಗಳಲ್ಲಿ, ಬೆಂಗಳೂರಿನ ರಸ್ತೆ ಕೆಲಸದಲ್ಲಿ ನಾವು ಕಾಣುವ ಅನೇಕ ಕೈಗಳು ಈ ಎರೆಮಣ್ಣಿನವು. ನಾವು ಅವರನ್ನು 'ಘಟ್ಟದ ಮೇಲಿನವರು' ಎಂದು ಒಂದೇ ಮಾತಿನಲ್ಲಿ ಕರೆದು ಸುಮ್ಮನಾಗುತ್ತೇವೆ.

ನಾವೂ ಮರಳಿದವರೇ

ಹಾಗೆ ಕರೆಯುವ ಮುನ್ನ ನಮ್ಮ ಚರಿತ್ರೆಯನ್ನು ಒಮ್ಮೆ ನೆನೆಯೋಣ. ಕರಾವಳಿಯ ಕಥೋಲಿಕರಲ್ಲಿ ಬಹುಮಂದಿಯ ಹಿರಿಯರು ಗೋವೆಯಿಂದ ವಲಸೆ ಬಂದವರು. ಅವರ ಸಂತತಿಯವರನ್ನು 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ತಪಸ್ಸುಕಾಲದ ಬೂದಿ ಬುಧವಾರದಂದೇ ಈ ಸೆರೆ ಆರಂಭವಾಯಿತೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಾ ಬಂದಿದ್ದಾರೆ.

ಸೆರೆಯ ನೋವು ನಮ್ಮವರದು ಮಾತ್ರವಾಗಿರಲಿಲ್ಲ. ಮರುವರ್ಷ, 1785ರಲ್ಲಿ, ಟಿಪ್ಪುವಿನ ಸೈನ್ಯ ನರಗುಂದದ ಕೋಟೆಯನ್ನು ಮುತ್ತಿ ಹಿಡಿಯಿತು. ಅಲ್ಲಿಯ ದೊರೆ ವೆಂಕಟರಾವ್ ಭಾವೆ ಕುಟುಂಬ ಸಮೇತ ಸೆರೆಯಾಗಿ ಮೈಸೂರು ಸೀಮೆಗೆ ಸಾಗಬೇಕಾಯಿತು. ಮರಾಠರು ಯುದ್ಧಕ್ಕೆ ಬಂದರು. 1787ರಲ್ಲಿ ಆದ ಸಂಧಿಗೆ ಗಜೇಂದ್ರಗಡದ ಒಪ್ಪಂದವೆಂದೇ ಹೆಸರು. ಅದರಂತೆ ಬಾದಾಮಿ, ಕಿತ್ತೂರು, ನರಗುಂದ ಮರಾಠರಿಗೆ ಮರಳಿದವು. ಕಾಲಾಂತರದಲ್ಲಿ ಭಾವೆ ಮನೆತನ ಮತ್ತೆ ನರಗುಂದದಲ್ಲಿ ನೆಲೆಯೂರಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಗಲ್ಲಿಗೇರಿದ ಬಾಬಾಸಾಹೇಬರು ಇದೇ ಮನೆತನದವರು. ಹೀಗೆ ಸುಮಾರು ಒಂದೇ ಕಾಲದಲ್ಲಿ ಕರಾವಳಿಯ ಕ್ರೈಸ್ತರೂ ನರಗುಂದದ ಬ್ರಾಹ್ಮಣ ಮನೆತನವೂ ಒಂದೇ ರಾಜ್ಯದ ಸೆರೆಯಲ್ಲಿ ತಮ್ಮ ತಮ್ಮ ಊರನ್ನು ನೆನೆದು ಕಣ್ಣೀರಿಟ್ಟರು. ಇದನ್ನು ನೆನೆಯುವುದು ಯಾವ ಮತದವರ ಮೇಲಿನ ದ್ವೇಷಕ್ಕೂ ಅಲ್ಲ. ಅಂದಿನ ಯುದ್ಧಗಳ ಭಾರವನ್ನು ಎಲ್ಲ ಮತಗಳ ಸಂಸಾರಗಳೂ ಹೊತ್ತವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಹದಿನೈದು ವರ್ಷಗಳ ನಂತರ ಬದುಕಿ ಉಳಿದವರಲ್ಲಿ ಸಾವಿರಾರು ಜನ ಘಟ್ಟ ಇಳಿದು ಕೆನರಾಕ್ಕೆ ಹೊರಟರು. ಮಕ್ಕಳಾಗಿ ಹೋದವರು ಮಕ್ಕಳ ತಂದೆತಾಯಿಯಾಗಿ ಮರಳಿದರು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು; ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರಾನ್ಸಿನ ಧರ್ಮಗುರು ಅಬ್ಬೆ ದುಬೊಯ್ ಶ್ರಮಿಸಿದರು. ಊರು ತಲುಪಿದವರಿಗೆ ಕಂಡದ್ದೇನು? ಚರ್ಚುಗಳು ನೆಲಸಮವಾಗಿದ್ದವು. ಗದ್ದೆಗಳನ್ನು ಬೇರೆಯವರು ಉಳುತ್ತಿದ್ದರು. ಜೋಸೆಫರಿಗಾದಂತೆ ಅವರಿಗೂ ದಾರಿ ಮುಗಿದಲ್ಲಿ ಮನೆ ಸಿಗಲಿಲ್ಲ.

ಆದರೆ ಬಾಗಿಲು ತೆರೆದವರೂ ಇದ್ದರು. ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದ ಕಥೋಲಿಕರಿಗೆ ಅಲ್ಲಿಯ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟನು. ಅವನ ಹೆಸರಿನ ವಿರಾಜಪೇಟೆಯಲ್ಲಿ 1792ರಲ್ಲಿ ಸಂತ ಅನ್ನಮ್ಮನವರ ಚರ್ಚು ಎದ್ದಿತು. ಲಿಂಗಾಯತ ಅರಸನೊಬ್ಬ ಊರು ಕಳೆದುಕೊಂಡ ಕ್ರೈಸ್ತರಿಗೆ ಊರು ಕೊಟ್ಟನು. ಈ ಋಣವನ್ನು ನಾವು ಯಾರಿಗೆ ತೀರಿಸಬೇಕು?

ಬಾಗಿಲು ತೆರೆದ ಕೈ

ಮತ್ತೆ 2020ಕ್ಕೆ ಬರುತ್ತೇನೆ. ಆ ತಿಂಗಳು ಎಲ್ಲೆಲ್ಲೂ ಜನ ಊರಿಗೆ ಮರಳುತ್ತಿದ್ದರು. ಬೆಂಗಳೂರಿನಿಂದ ಸರ್ಕಾರಿ ಬಸ್ಸುಗಳು ಕೂಲಿಕಾರರನ್ನು ಉಚಿತವಾಗಿ ಉತ್ತರ ಕರ್ನಾಟಕಕ್ಕೆ ಕರೆದೊಯ್ದವು. ಮೇ 12ರಂದು ದುಬೈಯಿಂದ ನಮ್ಮ ಜನರನ್ನು ಹೊತ್ತ ಮೊದಲ ವಿಮಾನ ಮಂಗಳೂರಿಗೆ ಇಳಿಯಿತು. ಬಸ್ಸಿನಲ್ಲಿ ಬಂದವನಿಗೂ ವಿಮಾನದಲ್ಲಿ ಬಂದವನಿಗೂ ಸಿಕ್ಕ ನೋಟ ಒಂದೇ. ನೆರೆಯವರು ಕಿಟಕಿ ಮುಚ್ಚಿಕೊಂಡರು. ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳುಬೇಲಿ ಹಾಕಿದವು.

ನಮ್ಮ ಅಜ್ಜಿಯ ಸಂಸಾರವೂ ಮನೆಗೆ ನೇರವಾಗಿ ಹೋಗಲಾಗಲಿಲ್ಲ. ಹದಿನಾಲ್ಕು ದಿನ ಊರ ಶಾಲೆಯಲ್ಲಿ ಇರಬೇಕಾಯಿತು. ಸೆರಗಿನಲ್ಲಿ ಕೀಲಿಕೈ ಇದ್ದೂ ಮನೆ ದೂರವೇ ಉಳಿಯಿತು. ಹದಿನೈದನೆಯ ದಿನ ಮಗ ಫೋನು ಮಾಡಿದ. ಮನೆ ಮುಂದಿನ ಅಂಗಳವನ್ನು ಪಕ್ಕದ ಮನೆಯಾಕೆ ಆಗಲೇ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕಿದ್ದಳಂತೆ. ಕಟ್ಟೆಯ ಮೇಲೆ ಒಂದು ಬುಟ್ಟಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಕೊಡ ನೀರು ಇಟ್ಟಿದ್ದಳಂತೆ. "ಅದನ್ನ ನೋಡಿ ಅವ್ವ ಅತ್ತಳ್ರೀ ಫಾದರ್. ದಾರಿವಳಗ ಒಮ್ಮೆನೂ ಅತ್ತಿರಲಿಲ್ಲ" ಎಂದ. ಆ ವರ್ಷ ಅವರು ದಿನಕ್ಕೆ 275 ರೂಪಾಯಿ ಕೂಲಿಯ ಉದ್ಯೋಗ ಖಾತ್ರಿಯಲ್ಲಿ ಹೊಲದ ಬದು ಹಾಕಿ ಹೊಟ್ಟೆ ಹೊರೆದರು.

ಪ್ರಿಯರೇ, ಮೂಟೆ ಕಟ್ಟಿ ಗಾಡಿ ಏರಿದ ಮಾತ್ರಕ್ಕೆ ಯಾರೂ ಊರಿಗೆ ಮರಳಿದಂತಾಗುವುದಿಲ್ಲ. ದಾರಿಯ ಕೊನೆಯಲ್ಲಿ ಅಂಗಳ ಗುಡಿಸಿ ಕಾಯುವ ಒಂದು ಕೈ ಬೇಕು. ನಜರೇತಿನಲ್ಲಿಯೂ ಆ ಬಡ ಬಡಗಿಯ ಸಂಸಾರಕ್ಕೆ ಮೊದಲ ದಿನ ನೀರು ಕೊಟ್ಟ ನೆರೆಯವಳೊಬ್ಬಳು ಇದ್ದಿರಬೇಕು ಎಂದು ನಾನು ನಂಬುತ್ತೇನೆ.

ಈ ಹಬ್ಬದಂದು ಪ್ರತಿಯೊಂದು ಕುಟುಂಬವೂ ಒಂದು ಸಣ್ಣ ಕೆಲಸ ಮಾಡಲಿ. ನಿಮ್ಮ ಬೀದಿಯಲ್ಲಿ ದುಡಿಯಲು ಬಂದವರ ಹೆಸರನ್ನೂ ಊರನ್ನೂ ಕೇಳಿ ತಿಳಿಯಿರಿ. ಅವರು ಹೊರಡುವ ದಿನದವರೆಗೆ ನನ್ನಂತೆ ಕಾಯಬೇಡಿ. ಕೊಲ್ಲಿ ದೇಶದಿಂದ ಕೆಲಸ ಕಳೆದುಕೊಂಡು ಬಂದ ಮಗನಿಗೆ, ಗಂಡನ ಮನೆಯಿಂದ ನೊಂದು ಬಂದ ಮಗಳಿಗೆ "ಏಕೆ ಬಂದೆ?" ಎನ್ನುವ ಮೊದಲು ಊಟಕ್ಕೆ ಬಡಿಸಿರಿ. ಸಂತ ಜೋಸೆಫರು ಮತ್ತು ಮಾತೆ ಮರಿಯಮ್ಮನವರು ಮರುದಾರಿಯಲ್ಲಿರುವ ಎಲ್ಲ ಸಂಸಾರಗಳ ಜೊತೆಗಿರಲಿ. ನಮ್ಮ ಮನೆಗಳ ಬಾಗಿಲು ಅವರಿಗಾಗಿ ತೆರೆದಿರಲಿ. ಆಮೆನ್.