ಹಿಮಭೂಮಿಯಲ್ಲಿ ಉಪನೇತ್ರ

ಬಿಸಿಯನ್ನದ ಪಾತ್ರೆಯ ಮುಚ್ಚಳವನ್ನು ತೆಗೆದಾಗ ಕನ್ನಡಕದ ಮೇಲೆ ಹಬೆ ಕವಿದು ಕ್ಷಣಕಾಲ ಲೋಕವೆಲ್ಲ ಮಸುಕಾಗುವ ಅನುಭವ ನಮ್ಮ ನಾಡಿನಲ್ಲಿ ಉಪನೇತ್ರ ಧರಿಸುವವರಿಗೆಲ್ಲ ಉಂಟು. ಪಂಚೆಯ ಅಂಚಿನಿಂದಲೋ ಸೆರಗಿನಿಂದಲೋ ಒರೆಸಿಕೊಂಡರೆ ಆ ತೊಡಕು ಅಲ್ಲಿಗೆ ಮುಗಿಯಿತು. ಆ ಹಬೆ ತನ್ನ ಉಸಿರಿನದೇ ಆಗಿ, ಗಾಜನ್ನು ಮುಟ್ಟಿದೊಡನೆ ಹೆಪ್ಪುಗಟ್ಟಿ, ಒರೆಸಲೆಂದು ಕೈಗವಸನ್ನು ಕಳಚಿದರೆ ಬೆರಳುಗಳೇ ಮರಗಟ್ಟುವಂತಹ ದೇಶದಲ್ಲಿ, ಕಾಲಿಗೆ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಸಾಗಬೇಕಾದ ಮಂದದೃಷ್ಟಿಯವನ ಪಾಡೇನು? ಹಿಮದ ಮೇಲೆ ಸಂಚರಿಸುವವರು ತಮ್ಮ ಕಣ್ಣನ್ನು ಹೇಗೆ ಕಾಪಾಡಿಕೊಂಡರು, ಕಣ್ಣಿನ ಕೊರತೆಯನ್ನು ಹೇಗೆ ತುಂಬಿಕೊಂಡರು ಎಂಬ ಚರಿತ್ರೆಯನ್ನು ಅರಸುತ್ತ ಹೋದ ನನಗೆ ಮನದಟ್ಟಾದುದೇನೆಂದರೆ, ಅದರ ಬಹುಭಾಗವು ಗಾಜಿಗೂ ಉಸಿರಿಗೂ ನಡೆದ ವ್ಯಾಜ್ಯವೇ ಆಗಿದೆ.

ಬೆಳಕಿನ ಬಾಧೆ ಅದಕ್ಕಿಂತ ಪುರಾತನವಾದುದು. ಹೊಸದಾಗಿ ಬಿದ್ದ ಹಿಮವು ನೇರಳಾತೀತ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ಹಿಂದಿರುಗಿಸಬಲ್ಲುದು. ನೆಲವು 1000 ಮೀಟರ್ ಎತ್ತರ ಏರಿದಂತೆಲ್ಲ ಆ ಕಿರಣಗಳ ತೀಕ್ಷ್ಣತೆ ನೂರಕ್ಕೆ ಸುಮಾರು 10ರಷ್ಟು ಹೆಚ್ಚುತ್ತದೆ. ಅವು ಕಣ್ಣಿನ ಪಾರದರ್ಶಕ ಪಟಲವನ್ನು ಸುಡುವಾಗ ನೋವು ತಿಳಿಯದು. ಕೆಲವು ಗಂಟೆಗಳ ತರುವಾಯ, ಗುಡಾರದಲ್ಲಿ ಮಲಗಿದಾಗ, ರೆಪ್ಪೆಯೊಳಗೆ ಮರಳು ಸುರಿದಂತೆ ಉರಿ ಎದ್ದು, ನೀರು ಧಾರೆಯಾಗಿ ಹರಿದು, ಕಣ್ಣು ತೆರೆಯುವುದೇ ಅಸಾಧ್ಯವಾಗುತ್ತದೆ. ಇದೇ ಹಿಮಾಂಧತೆ. ಕ್ರಿ.ಪೂ. 401–400ರ ಚಳಿಗಾಲದಲ್ಲಿ ಆರ್ಮೇನಿಯದ ಹಿಮವನ್ನು ದಾಟಿದ ಗ್ರೀಕ್ ಸೈನಿಕರಲ್ಲಿ ಹಲವರು ಹೀಗೆ ದೃಷ್ಟಿಗೆಟ್ಟರೆಂದೂ, ಕಣ್ಣಿನ ಮುಂದೆ ಕಪ್ಪಾದುದೇನನ್ನಾದರೂ ಹಿಡಿದು ನಡೆದವರಿಗೆ ರಕ್ಷಣೆ ದೊರೆಯಿತೆಂದೂ ಆ ಸೈನ್ಯದ ನಾಯಕರಲ್ಲೊಬ್ಬನಾದ ಕ್ಸೆನೊಫೋನ್ ಬರೆದಿಟ್ಟಿದ್ದಾನೆ.

ಉತ್ತರಧ್ರುವದ ಅಂಚಿನ ಇನುಯಿಟ್ ಜನರು ಮತ್ತು ಅವರ ಪೂರ್ವಿಕರು ಕಂಡುಕೊಂಡ ಉಪಾಯ ಇದಕ್ಕಿಂತ ಬಹು ಸೂಕ್ಷ್ಮವಾದುದು. ವಾಲ್ರಸ್ಸಿನ ದಂತವನ್ನೋ, ಕ್ಯಾರಿಬೂ ಜಿಂಕೆಯ ಕೊಂಬನ್ನೋ, ಕಡಲಿನಲ್ಲಿ ತೇಲಿಬಂದ ಮರವನ್ನೋ ಮುಖದ ಆಕಾರಕ್ಕೆ ಒಪ್ಪುವಂತೆ ಕೆತ್ತಿ, ಕಣ್ಣಿನ ನೇರಕ್ಕೆ ಕೂದಲೆಳೆಯಂತಹ ಅಡ್ಡಸೀಳುಗಳನ್ನು ಕೊರೆದು, ಒಳಮೈಗೆ ಮಸಿ ಬಳಿದು, ತೊಗಲಿನ ದಾರದಿಂದ ತಲೆಗೆ ಬಿಗಿಯುತ್ತಿದ್ದರು. ಗಾಜೇ ಇಲ್ಲದುದರಿಂದ ಹಬೆ ಕವಿಯುವ ಮಾತೇ ಇರಲಿಲ್ಲ. ಅಷ್ಟೇ ಅಲ್ಲ, ಕಿರಿದಾದ ರಂಧ್ರದ ಮೂಲಕ ಬಂದ ಬೆಳಕು ಕಣ್ಣಿನಲ್ಲಿ ಕಡಿಮೆ ಚದರುವುದರಿಂದ ದೂರದ ವಸ್ತುವೂ ತುಸು ಸ್ಫುಟವಾಗಿ ತೋರುತ್ತದೆ. ಸಮೀಪದೃಷ್ಟಿಯವರು ದೂರದ ಬರಹವನ್ನು ಓದಲು ಕಣ್ಣನ್ನು ಕಿರಿದಾಗಿಸಿಕೊಳ್ಳುವುದು ಇದೇ ಕಾರಣದಿಂದ. ಈ ದೋಷಕ್ಕೆ ಗ್ರೀಕರು ಇಟ್ಟ ಮಯೋಪಿಯ ಎಂಬ ಹೆಸರಿನಲ್ಲಿ ಕಣ್ಣನ್ನು ಮುಚ್ಚುವುದೆಂಬ ಅರ್ಥವೇ ಅಡಗಿದೆ. ಒಂದೇ ಸೀಳಿನಿಂದ ಕಣ್ಣಿಗೆ ನೆರಳನ್ನೂ ದೃಷ್ಟಿಗೆ ನೆರವನ್ನೂ ಒದಗಿಸಿದ ಆ ಅನಾಮಧೇಯ ಶಿಲ್ಪಿಗಳನ್ನು ನಾನು ಯಾವ ದೃಗ್ವಿಜ್ಞಾನಿಗಿಂತಲೂ ಕೆಳಗೆ ಇಡಲಾರೆ.

ಗಾಜನ್ನು ನಂಬಿ ಹಿಮಭೂಮಿಗೆ ಹೋದವನ ಕಷ್ಟವನ್ನು ತಿಳಿಯಬೇಕಾದರೆ ಆಪ್ಸ್ಲಿ ಚೆರಿ-ಗೆರಾರ್ಡನ ವೃತ್ತಾಂತವನ್ನು ಓದಬೇಕು. 1886ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ತರುಣನಿಗೆ ಕನ್ನಡಕವಿಲ್ಲದೆ ನಾಲ್ಕು ಮಾರು ದೂರದವರ ಮುಖವೂ ತಿಳಿಯದಷ್ಟು ತೀವ್ರವಾದ ಸಮೀಪದೃಷ್ಟಿ ಇದ್ದಿತು. ಆದರೂ ಸ್ನೇಹಿತನಾದ ವೈದ್ಯ ಎಡ್ವರ್ಡ್ ವಿಲ್ಸನ್ನನ ಬೆಂಬಲದಿಂದ ಕ್ಯಾಪ್ಟನ್ ಸ್ಕಾಟನ ದಕ್ಷಿಣಧ್ರುವ ಯಾತ್ರೆಯಲ್ಲಿ ಅವನಿಗೆ ಸ್ಥಾನ ದೊರೆಯಿತು. ನಾರ್ವೆಯ ತರುಣ ಟ್ರಿಗ್ವೆ ಗ್ರಾನ್ ಆ ತಂಡದವರಿಗೆ ಸ್ಕೀ ವಿದ್ಯೆಯನ್ನು ಕಲಿಸಿದನು. 1911ರ ಜೂನ್ 27ರಂದು ವಿಲ್ಸನ್, ಬವರ್ಸ್ ಮತ್ತು ಚೆರಿ-ಗೆರಾರ್ಡ್, ಈ ಮೂವರು ಚಕ್ರವರ್ತಿ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ತರಲೆಂದು, ಸೂರ್ಯನೇ ಮೂಡದ ಧ್ರುವದ ಚಳಿಗಾಲದ ಕತ್ತಲೆಯಲ್ಲಿ, ಬಂಡಿಗಳನ್ನು ತಾವೇ ಎಳೆಯುತ್ತ ಕೇಪ್ ಕ್ರೋಜಿಯರ್ ಕಡೆಗೆ ಹೊರಟರು. ಉಷ್ಣಮಾನ ಒಮ್ಮೆ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯಿತು. ಉಸಿರು ಕನ್ನಡಕದ ಮೇಲೆ ಹೆಪ್ಪುಗಟ್ಟುತ್ತಿದ್ದುದರಿಂದ ಚೆರಿ-ಗೆರಾರ್ಡ್ ಅದನ್ನು ತೆಗೆದಿಟ್ಟು, ಕತ್ತಲೆಗೆ ತನ್ನ ಅರೆಗುರುಡನ್ನೂ ಕೂಡಿಸಿಕೊಂಡು, ಎಡವುತ್ತ ಬೀಳುತ್ತ ಐದು ವಾರಗಳನ್ನು ಕಳೆದನು. ದೊರೆತ ಮೊಟ್ಟೆಗಳು ಐದು. ಅವುಗಳಲ್ಲಿ ಎರಡನ್ನು ಅವನು ಕೊರಳಿಗೆ ತೂಗಬಿಟ್ಟ ಕೈಗವಸುಗಳಲ್ಲಿ ಹೊತ್ತು ತರುತ್ತಿದ್ದಾಗ, ಎರಡೂ ಒಡೆದುಹೋದುವು. ಮೊಟ್ಟೆಯ ಜಿಡ್ಡು ಹತ್ತಿದ ಆ ಕೈಗವಸು ಮಾತ್ರ ಹೆಪ್ಪುಗಟ್ಟಿದ ಮೇಲೆ ಉಳಿದವಕ್ಕಿಂತ ಬೇಗ ಸಡಿಲವಾಗುತ್ತಿತ್ತೆಂದು ಅವನು 1922ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅಷ್ಟು ಕಷ್ಟದ ನಡುವೆಯೂ ಇಂತಹ ಸಣ್ಣ ಸಂಗತಿಯನ್ನು ಗಮನಿಸಿದ ಆ ಮನಸ್ಸಿನ ಮೇಲೆ ನನಗೆ ಅಪಾರವಾದ ಗೌರವ.

ಬೇಸಗೆಯಲ್ಲಿ ಬೇರೊಂದು ಬಗೆಯ ಸಂಕಟ. 1911ರ ಡಿಸೆಂಬರಿನಲ್ಲಿ ಸ್ಕಾಟನ ತಂಡ ಧ್ರುವದ ಕಡೆಗೆ ಬಿಯರ್ಡ್‌ಮೋರ್ ಹಿಮನದಿಯನ್ನು ಏರುವಾಗ, ಬಂಡಿ ಎಳೆಯುವ ಶ್ರಮಕ್ಕೆ ಬೆವರಿಳಿದು ಬಣ್ಣದ ಗಾಜು ಮಬ್ಬಾಗುವುದು, ದಾರಿ ಕಾಣಲೆಂದು ಅದನ್ನು ತೆಗೆದರೆ ಮರುದಿನ ಕಣ್ಣು ಉರಿಯುವುದು. ಬವರ್ಸ್ ಮೊದಲಾದ ಹಲವರು ಹೀಗೆ ಹಿಮಾಂಧರಾದರು. ಕೊಕೇನಿನ ಹನಿಗಳನ್ನು ಕಣ್ಣಿಗೆ ಬಿಟ್ಟು ನೋವನ್ನು ಅಡಗಿಸುವುದು ಆ ಕಾಲದ ಚಿಕಿತ್ಸೆ. ಮುಂದೆ 1912ರ ಮಾರ್ಚಿನಲ್ಲಿ, ಧ್ರುವದಿಂದ ಹಿಂದಿರುಗುವ ಸ್ಕಾಟನನ್ನು ಎದುರುಗೊಳ್ಳಲು ನಾಯಿಬಂಡಿಗಳೊಡನೆ ಹೋದ ಚೆರಿ-ಗೆರಾರ್ಡ್, ದಿಕ್ಕು ಗುರುತಿಸುವ ವಿದ್ಯೆಯಲ್ಲಿ ನುರಿತವನಲ್ಲದೆ, ಇಂತಹ ದೃಷ್ಟಿಯನ್ನು ಹೊತ್ತು, ಒಂದು ಟನ್ ಉಗ್ರಾಣವೆಂದು ಹೆಸರಾದ ಠಾಣೆಯಲ್ಲಿ ಕೆಲವು ದಿನ ಕಾದು ಹಿಂದಿರುಗಿದನು. ಅನಂತರ ಸ್ಕಾಟ್ ಮತ್ತು ಇಬ್ಬರು ಸಂಗಾತಿಗಳ ಶವಗಳು ಆ ಠಾಣೆಗೆ ಕೇವಲ 18 ಕಿಲೋಮೀಟರ್ ದೂರದಲ್ಲಿ ದೊರೆತುವು. ನಾಯಿಗಳ ಆಹಾರವೂ ಮುಗಿಯುತ್ತ ಬಂದಿತ್ತು, ಮೇಲಿನವರ ಆಜ್ಞೆಯೂ ಹಾಗೆಯೇ ಇತ್ತು. ಇವೆಲ್ಲ ತಿಳಿದಿದ್ದೂ ಅವನು ಬದುಕಿನುದ್ದಕ್ಕೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಅವನಲ್ಲಿ ದೋಷವನ್ನು ಕಾಣಲು ನನ್ನ ಮನಸ್ಸು ಒಪ್ಪದು.

ಗಾಜನ್ನು ಉಸಿರಿನಿಂದ ಬೇರ್ಪಡಿಸುವ ಒಂದು ಮಾರ್ಗ, ಅದನ್ನು ಕಣ್ಣಿನೊಳಕ್ಕೇ ಸೇರಿಸುವುದು. ಆ ಸಾಹಸ ಚೆರಿ-ಗೆರಾರ್ಡನ ಬಾಲ್ಯದಲ್ಲೇ ಮೊದಲಾಗಿತ್ತು. ಜರ್ಮನಿಯ ಕೀಲ್ ನಗರದ ವಿದ್ಯಾರ್ಥಿ ಆಗಸ್ಟ್ ಮ್ಯೂಲರ್, ತಾನೇ ತೀವ್ರ ಸಮೀಪದೃಷ್ಟಿಯವನಾಗಿದ್ದು, ರೆಪ್ಪೆಯಡಿ ಕೂರುವ ಗಾಜಿನ ಚಿಪ್ಪುಗಳನ್ನು ತನ್ನ ಮೇಲೆಯೇ ಪ್ರಯೋಗಿಸಿ 1889ರಲ್ಲಿ ಪ್ರಬಂಧ ಬರೆದನು. ಕೊಕೇನಿನ ಹನಿ ಹಾಕಿಕೊಂಡರೂ ಅರ್ಧಗಂಟೆಗಿಂತ ಹೆಚ್ಚು ಹೊತ್ತು ಅವನ್ನು ತಾಳಲಾಗಲಿಲ್ಲ. ತಾಳಬಲ್ಲ ಮೃದುವಾದ ಮಸೂರ ಬರಲು ಎಪ್ಪತ್ತು ವರ್ಷಗಳಿಗೂ ಮೀರಿ ಕಾಯಬೇಕಾಯಿತು. 1961ರ ಕ್ರಿಸ್ಮಸ್ ಕಾಲದಲ್ಲಿ ಪ್ರಾಗಿನ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ತೆರ್ಲೆ ತನ್ನ ಮನೆಯಲ್ಲಿ, ಮಕ್ಕಳು ಆಡುವ ಲೋಹದ ತುಂಡುಗಳನ್ನು ಜೋಡಿಸಿ ಕಟ್ಟಿದ ಯಂತ್ರದಿಂದ, ನೀರು ಹೀರುವ ಪ್ಲಾಸ್ಟಿಕ್ಕನ್ನು ತಿರುಗಿಸಿ ಮಸೂರಗಳನ್ನು ಎರಕಹೊಯ್ದನು. 1971ರಲ್ಲಿ ಅವಕ್ಕೆ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಕಣ್ಣೀರಿನ ಮೇಲೆ ತೇಲುವ ಈ ಕಾಂಟ್ಯಾಕ್ಟ್ ಲೆನ್ಸಿಗೆ ಹಬೆಯ ಭಯವಿಲ್ಲ; ಬೆಟ್ಟದ ಒಣಗಾಳಿಗೆ ಆ ಕಣ್ಣೀರೇ ಆರಿಹೋಗುವುದೊಂದು ಇದರ ಕುಂದು.

ಇನ್ನೊಂದು ಮಾರ್ಗವನ್ನು ತೋರಿಸಿದವನು ಹಲ್ಲುಗಳನ್ನು ಸರಿಪಡಿಸುವ ಅಮೆರಿಕದ ವೈದ್ಯ ಬಾಬ್ ಸ್ಮಿತ್. ಹಿಮದಲ್ಲಿ ಸ್ಕೀ ಮಾಡುವ ಗೀಳಿದ್ದ ಆತ 1965ರಲ್ಲಿ ಎರಡು ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ಸುತ್ತಲೂ ಗಾಳಿಯಾಡುವ ಸ್ಪಂಜಿನ ಅಂಚನ್ನು ಜೋಡಿಸಿದ ಗಾಗಲ್ಸ್ ತಯಾರಿಸಿದನು. ಒಳಪದರವು ಹೊರಗಿನ ಚಳಿಗೆ ಅಷ್ಟು ತಣ್ಣಗಾಗದುದರಿಂದ ಅದರ ಮೇಲೆ ಹಬೆ ಸುಲಭವಾಗಿ ಕೂರದು. ಕನ್ನಡಕದವರಿಗಾಗಿ ಅದರ ಚೌಕಟ್ಟನ್ನು ಹಿಗ್ಗಿಸಿ, ಕನ್ನಡಕದ ಕಡ್ಡಿಗಳಿಗೆ ಬದಿಯಲ್ಲಿ ಎಡೆಬಿಟ್ಟ ಮಾದರಿಗಳು ಬಂದುವು. ಗಾಗಲ್ಸಿನ ಒಳಗೇ ಸಿಕ್ಕಿಸುವ, ನಂಬರು ಹಾಕಿಸಿದ ಪುಟ್ಟ ಚೌಕಟ್ಟುಗಳೂ ಬಂದುವು.

ಕಣ್ಣನ್ನೇ ತಿದ್ದಿಬಿಟ್ಟರೆ ಕನ್ನಡಕದ ಗೊಡವೆಯೇ ಇಲ್ಲವೆಂಬ ಆಸೆ ಸಹಜವಾದುದು. ಕಣ್ಣಿನ ಪಟಲದ ಮೇಲೆ ಗಾಲಿಯ ಅರಗಳಂತೆ ಸೂಕ್ಷ್ಮವಾದ ಕೊಯ್ತಗಳನ್ನು ಹಾಕಿ ಅದನ್ನು ಚಪ್ಪಟೆಗೊಳಿಸುವ ಶಸ್ತ್ರಚಿಕಿತ್ಸೆಯನ್ನು 1970ರ ದಶಕದಲ್ಲಿ ಮಾಸ್ಕೋದ ನೇತ್ರವೈದ್ಯ ಫ್ಯೋದೊರೊವ್ ಪ್ರಸಿದ್ಧಿಗೆ ತಂದನು. ಆ ಚಿಕಿತ್ಸೆ ಮಾಡಿಸಿಕೊಂಡಿದ್ದ ಟೆಕ್ಸಸ್ಸಿನ ವೈದ್ಯ ಬೆಕ್ ವೆದರ್ಸ್ 1996ರ ಮೇ 10ರಂದು ಎವರೆಸ್ಟಿನ ಶಿಖರಕ್ಕೆ ಹೋಗುತ್ತ, 8000 ಮೀಟರಿಗೂ ಮೇಲೆ, ದೃಷ್ಟಿಯನ್ನೇ ಕಳೆದುಕೊಂಡು ನಿಂತುಬಿಡಬೇಕಾಯಿತು. ಆಮ್ಲಜನಕ ಸಾಲದೆ ಪಟಲವು ಕೊಯ್ತಗಳ ಬಳಿ ಊದಿ ನಡುಭಾಗ ಇನ್ನಷ್ಟು ಚಪ್ಪಟೆಯಾಗುತ್ತದೆ. ಅದೇ ಸಂಜೆ ಎದ್ದ ಬಿರುಗಾಳಿಯಲ್ಲಿ ಅವನು ಬದುಕುಳಿದುದೇ ಆಶ್ಚರ್ಯ. ಬಲಗೈಯೂ ಎಡಗೈಯ ಬೆರಳುಗಳೂ ಮೂಗೂ ಹೋದುವು. ಅನಂತರ ಬಂದ ಲೇಸರ್ ವಿಧಾನಗಳಲ್ಲಿ ಅಂತಹ ಅರಗಳ ಕೊಯ್ತವಿಲ್ಲ.

ಆದರೂ ಇಂದಿಗೂ ಆಲ್ಪ್ಸ್ ಪರ್ವತದ ಇಳಿಜಾರುಗಳಲ್ಲಿ ಕನ್ನಡಕದ ಮೇಲೆ ಗಾಗಲ್ಸ್ ಧರಿಸಿದವರು ಬೇಕಾದಷ್ಟು ಮಂದಿ ಕಾಣಸಿಗುತ್ತಾರೆ. ಅವರಿಗೆ ಹಳಬರು ಹೇಳುವುದು ಇಷ್ಟೇ: ದಣಿದು ನಿಂತಾಗ ಗಾಗಲ್ಸನ್ನು ಹಣೆಯ ಮೇಲಕ್ಕೆ ಸರಿಸಬೇಡಿ, ಬೆವರಿನ ಹಬೆ ಒಳಗೆ ಸೇರುತ್ತದೆ, ಮೂಗಿನ ಮೇಲೆ ಕಟ್ಟಿದ ಬಟ್ಟೆಯನ್ನು ಗಾಗಲ್ಸಿನ ಅಂಚಿನೊಳಕ್ಕೆ ತೂರಿಸಬೇಡಿ, ಉಸಿರು ನೇರವಾಗಿ ಗಾಜಿಗೆ ಏರುತ್ತದೆ.