ನಮ್ಮ ಸೀಮೆಯ ಗುಡಿಗಳು ಮತ್ತು ಒಂದು ಸ್ಕೆಚ್ ಬುಕ್

ಬೇಸಿಗೆ ರಜೆಗೆ ಬೆಂಗಳೂರಿಂದ ಊರಿಗೆ ಹೋದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿ ಗುಡಿಗಳ ಚಿತ್ರ ಬರೆಯೋದು ನನ್ನ ಹುಚ್ಚು. ಈ ಹುಚ್ಚು ಹಳೆಯದು ನೋಡಿ! ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಪುರಾತತ್ವ ಇಲಾಖೆಯ ಅಲೆಗ್ಸಾಂಡರ್ ರೀ ಇದೇ ಸೀಮೆಯ ಗುಡಿಗಳನ್ನು ಅಳೆಸಿ, ನಕ್ಷೆ-ಚಿತ್ರಗಳ ಸಮೇತ 1896ರಲ್ಲಿ 'ಚಾಲುಕ್ಯನ್ ಆರ್ಕಿಟೆಕ್ಚರ್' ಪುಸ್ತಕ ತಂದರು. ಬಾಗಳಿ, ಮಾಗಳ, ಹಿರೇಹಡಗಲಿ, ಕುರುವತ್ತಿ ಎಲ್ಲ ಅದರಲ್ಲಿವೆ.

ಮೊಬೈಲಿನಲ್ಲಿ ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಆದರೆ ಬಾಗಳಿಯ ಕಂಬದ ಮುಂದೆ ಒಂದು ಗಂಟೆ ಕೂತು ಬರೆದರೆ, ಕಲ್ಲಲ್ಲಿ ಕಡೆದ ಬಳೆಯಂಥ ಗೆರೆಗಳು ಒಂದೊಂದೇ ಕಾಣುತ್ತವೆ. ಮನೆಯಲ್ಲಿ ಆ ಹಾಳೆಯನ್ನು ರೀ ಪುಸ್ತಕದ ಪಕ್ಕ ಇಟ್ಟರೆ, ಏನು ಉಳಿದಿದೆ, ಏನು ಸವೆದಿದೆ ಅಂತ ತಿಳಿಯುತ್ತೆ.

2021ರಲ್ಲಿ ನಮ್ಮ ಜಿಲ್ಲೆ ವಿಜಯನಗರವಾಯಿತು. ಗುಡಿಗಳು ಅಲ್ಲೇ ಇವೆ. ನಿಮ್ಮೂರ ಗುಡಿಯನ್ನೂ ಒಮ್ಮೆ ಬರೆದು, ತಾರೀಖು ಹಾಕಿಡಿ. ಮುಂದಿನವರಿಗೆ ಅದೇ ದಾಖಲೆ.